ಓವನ್ನಿನೊಳಗಿನ ಕೊಳವೆಗಳು

ಬನ್ನು ಬೇಯಿಸಲೆಂದು ಓವನ್ನಿನ ಬಾಗಿಲು ತೆರೆದ ಬೇಕರಿಯವಳ ಮೂಗಿಗೆ ಬಣ್ಣದ ಘಾಟು ಬಡಿಯಿತು. ಒಳಗೆ, ಅವಳ ತಟ್ಟೆಗಳನ್ನಿಡುವ ಕಂಬಿಗಳ ಮೇಲೆ, ಗಂಡನ ಹಳೆಯ ಕಾರಿನ ಹೊಗೆಕೊಳವೆಗಳು ಬೆಳ್ಳಿ ಬಣ್ಣ ಬಳಿದುಕೊಂಡು, ಕರೆಯದೆ ಬಂದ ನೆಂಟರಂತೆ ಕಾಲು ಚಾಚಿ ಮಲಗಿದ್ದವು.

"ರೀ! ಏನ್ರೀ ಇದು?"

"ಕೂಗಾಡಬೇಡ. ತುಕ್ಕು ಉಜ್ಜಿ ತೆಗೆದು ಬಣ್ಣ ಹಚ್ಚಿದ್ದೀನಿ. ಅದು ಕಚ್ಚಿಕೊಳ್ಳೋಕೆ ಒಳ್ಳೇ ಕಾವು ಬೇಕು. ಮನೇಲೇ ಓವನ್ ಇರುವಾಗ ಗ್ಯಾರೇಜಿನವನ ಹತ್ತಿರ ಯಾಕೆ ಸುಲಿಸಿಕೊಳ್ಳಬೇಕು?"

"ಕಾರಿಗೆ ಹಾಕಿ ಎಂಜಿನ್ ಓಡಿಸಿದ್ರೆ ತಾನಾಗೇ ಕಾಯೋದಿಲ್ವಾ?"

"ಕಾಯುತ್ತೆ. ಪೆಟ್ರೋಲು ದಂಡ ಅಲ್ವಾ?"

ಅವಳಿಗೆ ಮೈಯೆಲ್ಲ ಉರಿಯಿತು. ಈರುಳ್ಳಿಯ ವಾಸನೆಯೂ ಅಂಟದಂತೆ ಆ ಓವನ್ನನ್ನು ಕಾಪಾಡಿಕೊಂಡು ಬಂದವಳು ಅವಳು. ಇನ್ನು ಅದರಲ್ಲಿ ಬೆಂದದ್ದನ್ನು ಯಾರು ಬಾಯಿಗಿಡುತ್ತಾರೆ? ಮೇಜಿನ ಮೇಲೆ ಹಿಟ್ಟು ಉಬ್ಬಿ, ಹೊದಿಸಿದ್ದ ಬಟ್ಟೆಯನ್ನು ಎತ್ತುತ್ತಿತ್ತು. ಅದು ಯಾರಿಗಾಗಿಯೂ ಕಾಯುವುದಿಲ್ಲ. ಆಸ್ಪತ್ರೆಯ ರೋಗಿಗಳ ಬೆಳಗಿನ ತಿಂಡಿ ಆ ಹಿಟ್ಟಿನಿಂದಲೇ ಆಗಬೇಕಿತ್ತು.

"ಹಿಟ್ಟನ್ನ ಈಗಲೇ ಅಕ್ಕನ ಬೇಕರಿಗೆ ಒಯ್ಯಬೇಕು. ಕಾರು ತೆಗೀರಿ," ಎಂದಳು.

ಅಕ್ಕನ ಬೇಕರಿ ಊರಿನ ಆ ತುದಿಯಲ್ಲಿತ್ತು. ಗಂಡ ಕಾರಿನ ಕೀಲಿಗೆ ಕೈ ಹಾಕಿದ. ಓವನ್ನಿನಲ್ಲಿ ಮಲಗಿದ್ದ ಕೊಳವೆಗಳನ್ನು ನೋಡಿದ. ಅವಿಲ್ಲದೆ ಕಾರು ಹೊರಡುವಂತಿರಲಿಲ್ಲ.

ಬೇಕರಿಯವಳು ಹೆಗಲ ಮೇಲಿನ ಟವಲನ್ನು ಸಿಂಬೆ ಸುತ್ತಿ ಅವನ ತಲೆಯ ಮೇಲಿಟ್ಟಳು. ಸಿಂಬೆಯ ಮೇಲೆ ಹಿಟ್ಟಿನ ಬೋಗುಣಿಯನ್ನು ಕೂರಿಸಿದಳು. ಬೀದಿಯ ಬಾಗಿಲನ್ನು ತಾನೇ ತೆರೆದು ನಿಂತಳು.

"ನಡೀರಿ. ಪೆಟ್ರೋಲು ಉಳಿಯುತ್ತೆ."