ಸೌಂಡ್ ಸಾಲ್ತಿಲ್ಲ

"ಅಣ್ಣಾ! ಏ ಅಣ್ಣಾ, ನಿಂತ್ಕೋ!"

ಅಣ್ಣ ತಿರುಗಿ ನೋಡಲಿಲ್ಲ. ಗಿಟಾರ್ ಬ್ಯಾಗು ಬೆನ್ನಿಗೇರಿಸಿಕೊಂಡು, ಎಂಟ್ರಿ ಕೊಡುವ ಹೀರೋನ ಹಾಗೆ ನಡುರಸ್ತೆ ದಾಟಿದ. ಹಿಂದೆ ಬಂದ ವ್ಯಾನಿನವನು ಹಾರ್ನ್ ಬಾರಿಸಿ, ಕಿಟಕಿಯಿಂದ ತಲೆ ಹೊರಹಾಕಿ ಬೈದ. ಅದಕ್ಕೂ ಕ್ಯಾರೇ ಇಲ್ಲ.

"ಕೊಬ್ಬು," ಎಂದುಕೊಂಡ ಪಟಾಕಿ. "ಅಪ್ಪಟ ಕೊಬ್ಬು."

ಪಟಾಕಿ ಅವನ ತಮ್ಮ. ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಬಾಯಿ ಡ್ರಮ್ಸಿಗಿಂತ ಜೋರು. ಆ ಅಡ್ಡಹೆಸರು ಇಟ್ಟವನು ಅಣ್ಣನೇ. ಅಡುಗೆಮನೆಯ ಡಬ್ಬಗಳನ್ನು ಬೋರಲು ಹಾಕಿ ತಾಳ ಕಲಿಸಿದವನೂ ಅವನೇ. ಹಗಲಿಡೀ ವರ್ಕ್‌ಶಾಪಿನಲ್ಲಿ ಕಬ್ಬಿಣದ ಶೀಟು ಕತ್ತರಿಸುವ ಮೆಷಿನ್ ಮುಂದೆ ನಿಂತು, ಸಂಜೆ ಕೈ ತೊಳೆದು ಗಿಟಾರ್ ಹಿಡಿದರೆ, ಆ ಒರಟು ಬೆರಳುಗಳಿಂದ ಬೆಣ್ಣೆಯಂಥ ನಾದ ಹೊರಡುತ್ತಿತ್ತು.

ಅಂಥ ಅಣ್ಣ ಈಚೆಗೆ ಬದಲಾಗಿದ್ದ. ಫೋನ್ ಎತ್ತುತ್ತಿರಲಿಲ್ಲ, ಮೆಸೇಜ್ ಹಾಕು ಎನ್ನುತ್ತಿದ್ದ. ರಿಹರ್ಸಲಿನಲ್ಲಿ ಡ್ರಮ್ಸಿಗೆ ಎದುರು ನಿಂತು ಪಟಾಕಿಯ ಕೈಯನ್ನೇ ದುರುಗುಟ್ಟಿ ನೋಡುತ್ತಿದ್ದ, ಕಾಪಿ ಹೊಡೆಯುವವನನ್ನು ಕಾಯುವ ಮೇಷ್ಟ್ರ ಹಾಗೆ. ಪಟಾಕಿಯ ಜೋಕಿಗೆ ಎಲ್ಲರೂ ನಕ್ಕ ಮೇಲೆ, ಒಂದು ಗಳಿಗೆ ತಡೆದು ತಾನೂ ನಗುತ್ತಿದ್ದ. ದೊಡ್ಡ ಮನುಷ್ಯರ ನಗು!

ಹೋಟೆಲಿನ ಕಾರ್ಯಕ್ರಮದಲ್ಲಂತೂ ಮಿತಿ ಮೀರಿತು. ಆಂಪ್ಲಿಫೈಯರಿನ ವಾಲ್ಯೂಮ್ ಏರಿಸಿದ, ಮತ್ತೂ ಏರಿಸಿದ. ಹಾಡುಗಾರ್ತಿಯ ದನಿ ಗಿಟಾರಿನಡಿ ಹೂತೇ ಹೋಯಿತು. ಮುಂದಿನ ಮೇಜಿನವರು ಊಟ ಬಿಟ್ಟು ಎದ್ದರು. ಕೇಳಿದ್ದಕ್ಕೆ, "ಆಂಪ್ ಸತ್ತೋಗಿದೆ ಕಣೋ. ಸೌಂಡ್ ಸಾಲ್ತಿಲ್ಲ. ಒಂದು ಒಳ್ಳೆ ಪವರ್ಡ್ ಸ್ಪೀಕರ್ ತಗೊಳ್ಳೋಣ" ಅಂದುಬಿಟ್ಟ.

ಹಾಡುಗಾರ್ತಿ ಪಟಾಕಿಯನ್ನು ಪಕ್ಕಕ್ಕೆ ಕರೆದಿದ್ದಳು. "ಹೊಸ ಸ್ಪೀಕರಲ್ಲಾದ್ರೂ ನಿಮ್ಮಣ್ಣ ನಮ್ಮ ಜೊತೆ ನುಡಿಸ್ಲಿ. ಇಲ್ಲಾಂದ್ರೆ ಶನಿವಾರದ ಪ್ರೋಗ್ರಾಮಿಗೆ ಬೇರೆ ಗಿಟಾರಿಸ್ಟ್ ಬರ್ತಾನೆ. ಹೇಳೋ ಕೆಲಸ ನಿಂದು."

ಆ ಮಾತು ಹೇಳುವುದನ್ನು ಪಟಾಕಿ ಬೆಳಗಿನಿಂದ ಮುಂದೂಡುತ್ತಲೇ ಬಂದಿದ್ದ.

ರಸ್ತೆಯಾಚೆಯ ಮ್ಯೂಸಿಕ್ ಅಂಗಡಿಯ ಒಂದು ಗೋಡೆಯ ತುಂಬ ಸ್ಪೀಕರುಗಳು. ಅಂಗಡಿಯವರು ಆ ಕಡೆ ತಿರುಗಿ ಒಂದನ್ನು ಇಳಿಸುತ್ತಲೇ ಕೇಳಿದರು: "ಹಾಲ್ ಒಳಗೆ ನುಡಿಸ್ತೀರೋ, ಬಯಲಲ್ಲೋ?"

ಅಣ್ಣ ಸುಮ್ಮನೆ ನಿಂತಿದ್ದ. ಪಟಾಕಿ ಮೊಣಕೈಯಿಂದ ತಿವಿದ.

"ಎದುರಿಗೆ ಬಂದು ಮಾತಾಡಿ ಸಾರ್," ಎಂದ ಅಣ್ಣ. "ಬೆನ್ನು ತೋರಿಸೋರ ಜೊತೆ ನಂಗೆ ವ್ಯವಹಾರ ಇಲ್ಲ."

"ಡೈಲಾಗ್ ಡಿಪಾರ್ಟ್‌ಮೆಂಟ್ ನಂದು ಕಣಣ್ಣ," ಪಟಾಕಿ ಗೊಣಗಿದ. "ಅದಕ್ಕೂ ಕೈ ಹಾಕ್ಬೇಡ."

ಅಂಗಡಿಯವರು ನಕ್ಕು ಎದುರಿಗೇ ಬಂದರು. "ಈ ದೊಡ್ಡದು ಡಿಜೆಗಳಿಗೆ. ಎದೆಗೆ ಗುದ್ದುತ್ತೆ, ಆದ್ರೆ ಗಿಟಾರ್ ಮಂಕಾಗುತ್ತೆ. ಈ ಚಿಕ್ಕದು ನೋಡಿ. ಆಂಪ್ ಇದರೊಳಗೇ ಇದೆ, ಬೇರೆ ಬೇಡ. ನಿಮ್ಮ ಪೆಡಲಿಂದ ಬಂದಿದ್ದನ್ನ ಬಂದ ಹಾಗೇ ಕೊಡುತ್ತೆ. ಇಲ್ಲದ್ದು ಸೇರ್ಸಲ್ಲ, ಇರೋದು ಮುಚ್ಚಿಡಲ್ಲ. ನೆಲದ ಮೇಲೆ ಓರೆ ಮಾಡಿ ನಿಮ್ಮ ಕಡೆ ತಿರುಗಿಸ್ಕೊಳ್ಳಿ. ಡ್ರಮ್ಸ್‌ನೋರು ಎಷ್ಟೇ ಗಲಾಟೆ ಮಾಡ್ಲಿ, ನಿಮ್ಮ ಗಿಟಾರ್ ನಿಮಗೆ ಕೇಳುತ್ತೆ."

"ನಂಗೆ ಕೇಳುತ್ತೆ ಅಲ್ವಾ?" ಅಣ್ಣ ಮತ್ತೊಮ್ಮೆ ಕೇಳಿದ. "ಆನ್ ಆಗಿದೆ ಅಂತ ದೀಪ ಎಲ್ಲಿ ಬರುತ್ತೆ?"

"ಮುಂದೇ. ಹಸಿರು."

"ದೂರದಿಂದ ಕಾಣುತ್ತಾ?"

"ಸ್ಪೀಕರ್ ತಗೊಳ್ಳೋಕೆ ಬಂದಿದ್ದೀವೋ, ಟ್ರಾಫಿಕ್ ಸಿಗ್ನಲ್ಲೋ?" ಎಂದ ಪಟಾಕಿ. ಅಣ್ಣ ಸ್ಪೀಕರನ್ನೇ ನೋಡುತ್ತಿದ್ದ. ಜೋಕು ನೆಲಕ್ಕೆ ಬಿತ್ತು.

ಎಲೆಕ್ಟ್ರಿಕ್ ಗಿಟಾರಿನ ವೈರು, ಅಣ್ಣ ಬ್ಯಾಗಿನಿಂದ ತೆಗೆದು ಕಾಲಡಿ ಇಟ್ಟುಕೊಂಡ ಪೆಡಲಿಗೆ ಹೋಯಿತು. ಪೆಡಲಿನಿಂದ ಸ್ಪೀಕರಿಗೆ ಹೋಗುವ ಕೇಬಲ್ ಹಿಡಿದು ಪಟಾಕಿ ಸ್ಪೀಕರಿನ ಹಿಂದೆ ಕುಕ್ಕರುಗಾಲಲ್ಲಿ ಕೂತ. ಮೊದಲು ಅಣ್ಣನನ್ನು ಒಮ್ಮೆ ನಗಿಸಬೇಕು, ಆಮೇಲೆ ಶನಿವಾರದ ಮಾತು ತೆಗೆಯಬೇಕು. ಹಳೆಯ ತುಂಟಾಟವೊಂದು ನೆನಪಾಗಿ ಅವನ ತುಟಿಯಂಚಿನಲ್ಲಿ ನಗು ಇಣುಕಿತು.

"ರೆಡಿನಾ?" ಅಣ್ಣ ಕೇಳಿದ. ಪಟಾಕಿ ಹೆಬ್ಬೆರಳೆತ್ತಿದ.

ಅಣ್ಣ ಬಗ್ಗಿ ಹಸಿರು ದೀಪ ನೋಡಿದ. ಸಮಾಧಾನವಾಯಿತು. ಕಣ್ಣು ಮುಚ್ಚಿ ನುಡಿಸತೊಡಗಿದ.

ಬೆರಳು ಮೇಲಕ್ಕೆ ಸರಿದ ರೀತಿಯಲ್ಲೇ ಪಟಾಕಿಗೆ ಗೊತ್ತಾಯಿತು: ಅಮ್ಮ ತೀರಿಕೊಂಡ ವರ್ಷ ಅಣ್ಣ ಕಟ್ಟಿದ ಟ್ಯೂನ್. ಅನ್ನ ಬೇಯಲು ಇಟ್ಟು, ಒಲೆಯ ಪಕ್ಕ ಕೂತು, ಅಳುತ್ತಿದ್ದ ತಮ್ಮನನ್ನು ಸುಮ್ಮನಾಗಿಸಲು ನುಡಿಸುತ್ತಿದ್ದದ್ದು.

ಪಟಾಕಿಯ ತುಟಿಯ ನಗು ಅಲ್ಲೇ ಸತ್ತಿತು.

ಗಿಟಾರ್ ತಂತಿ ಆರಿಸುತ್ತಿದ್ದ ಹುಡುಗಿಯೊಬ್ಬಳು ಕೈ ತಡೆದು ಇತ್ತ ತಿರುಗಿದಳು. ಅಂಗಡಿಯವರು ಕನ್ನಡಕ ತೆಗೆದರು. ಸೀಲಿಂಗ್ ಫ್ಯಾನಿನ ಕಿರಕಿರವೂ ಕೇಳಿಸುವಷ್ಟು ಅಂಗಡಿ ಸ್ತಬ್ಧವಾಯಿತು. ಅಂಗಡಿಯವರು ಏನೋ ಹೇಳಲು ಬಾಯಿ ತೆರೆದರು. ಬೇಡ ಎಂದು ಪಟಾಕಿ ತಲೆಯಾಡಿಸಿದ.

ಅಣ್ಣ ತೂಗುತ್ತಿದ್ದ. ಕೊನೆಯ ಸ್ವರಕ್ಕೆ ತಂತಿ ಬಾಗಿಸಿ, ಆ ನಾದ ದೂರ ಹೋಗಿ ಕರಗಲಿ ಎಂದು ತಲೆ ವಾಲಿಸಿ ಕಾದ. ಆಮೇಲೆ ಅಂಗೈಯಿಂದ ಮೆಲ್ಲನೆ ತಡೆದ.

ಕಣ್ಣು ತೆರೆದು ನೋಡಿದರೆ, ಸ್ಪೀಕರಿನ ಹಿಂದೆ ತಮ್ಮನ ಮುಖವೆಲ್ಲ ಒದ್ದೆ.

"ಅಯ್ಯೋ ಹುಚ್ಚ, ಅಳ್ತಿದ್ದೀಯಾ?" ಅಣ್ಣನ ಮುಖ ಎಷ್ಟೋ ದಿನದ ಮೇಲೆ ಅರಳಿತು. "ಅಷ್ಟು ಚೆನ್ನಾಗಿ ಬಂತಾ? ನಾನು ಹೇಳ್ಲಿಲ್ವಾ, ಎಲ್ಲಾ ಆ ಹಾಳು ಆಂಪ್‌ದೇ ತಪ್ಪು ಅಂತ! ಶನಿವಾರ ಇದನ್ನೇ ನುಡಿಸ್ತೀನಿ ನೋಡು."

ಪಟಾಕಿ ಕತ್ತು ಎತ್ತಿದ. ಅಣ್ಣನಿಗೆ ತನ್ನ ತುಟಿ ಪೂರ್ತಿ ಕಾಣುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದ: "ತುಂಬಾ. ಚೆನ್ನಾಗಿತ್ತು. ಅಣ್ಣ."

ಸ್ಪೀಕರಿಗೆ ಸಿಕ್ಕಿಸದೆ ಉಳಿಸಿಕೊಂಡಿದ್ದ ಕೇಬಲ್ಲಿನ ತುದಿ ಆಗಲೂ ಅವನ ಮುಷ್ಟಿಯಲ್ಲೇ ಇತ್ತು.