ಕೋಳಿಯ ತಲೆ

ಕಾರ್ಖಾನೆಯ ಯಜಮಾನ ಜುವಾಂಗ್, ಬೇಯಿಸಿದ ಇಡೀ ಕೋಳಿಯ ತಟ್ಟೆಯನ್ನು ಮೇಜಿನ ನಡುವೆ ಇಟ್ಟು, ಎಲ್ಲರಿಗೂ ಕಾಣುವ ಹಾಗೆ ಅದರ ತಲೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡ. ವರ್ಷದ ಕೊನೆಯ ಊಟದಲ್ಲಿ ಯಜಮಾನ ಆ ತಲೆಯನ್ನು ಯಾರತ್ತ ತಿರುಗಿಸುತ್ತಾನೋ ಅವರ ಕೆಲಸ ಹೋಯಿತೆಂಬುದು ತೈವಾನಿನ ಹಳೆಯ ರೂಢಿ. "ನೋಡಿ, ಯಾರನ್ನೂ ಬಿಡಿಸಲ್ಲ ನಾನು," ಎಂದ. "ನಾವೆಲ್ಲ ಒಂದೇ ಮನೆಯವರು."

ಸುಚೇನ್ ಹನ್ನೊಂದು ವರ್ಷದಿಂದ ಈ ಕಾರ್ಖಾನೆಯಲ್ಲಿ, ಶೋಕಿಯವರು ತರಿಸಿಕೊಳ್ಳುವ ದುಬಾರಿ ಕಂಪ್ಯೂಟರ್ ಕೀಬೋರ್ಡುಗಳ ಒಂದೊಂದು ಕೀಯನ್ನೂ ಒತ್ತಿ, ಸದ್ದು ಕೇಳಿ ಪಾಸು ಮಾಡುತ್ತಿದ್ದವಳು. ಐದು ತಿಂಗಳಿಂದ ಸಂಬಳದ ಮುಖ ಕಂಡಿರಲಿಲ್ಲ. ಬಿಡಿಸಿದ್ದೇನೆಂದು ಯಜಮಾನ ಕಾಗದ ಕೊಟ್ಟರೆ ಸರ್ಕಾರದ ನಿರುದ್ಯೋಗ ಭತ್ಯೆಯಾದರೂ ಸಿಗುತ್ತಿತ್ತು. ತಾವಾಗಿ ಬಿಟ್ಟೆವೆಂದು ಬರೆದುಕೊಟ್ಟವರಿಗೆ ಅದೂ ಇಲ್ಲ, ಯಜಮಾನನಿಗೆ ಪರಿಹಾರ ಕೊಡುವ ಖರ್ಚೂ ಇಲ್ಲ. ಅವಳು ತೋರುಬೆರಳಿಂದ, ಕೀ ಒತ್ತುವಷ್ಟೇ ಮೆತ್ತಗೆ, ತಟ್ಟೆಯನ್ನು ತಳ್ಳಿ ತಿರುಗಿಸಿದಳು. ಕೋಳಿಯ ತಲೆ ಅವಳೆದುರು ಬಂದು ನಿಂತಿತು.

"ಅಕ್ಕಾ, ಏನಿದು? ಅಪಶಕುನ," ಎಂದ ಜುವಾಂಗ್.

"ಶಕುನ ನೋಡೋ ಕಾಲ ಹೋಯ್ತು ಸಾಹುಕಾರ್ರೇ. ನನ್ನ ಬಿಡಿಸಿಬಿಡಿ."

"ಅಕ್ಕಂಗಿಂತ ಮುಂಚೆ ನನ್ನ ಬಿಡಿಸಿ. ನಂಗೆ ಮೂರು ಮಕ್ಕಳು," ಎಂದು ಬೆಸುಗೆ ಹಾಕುವ ಅಹೋಂಗ್ ತಟ್ಟೆಗೆ ಕೈಹಾಕಿದ. ಆಮೇಲೆ ಪ್ಯಾಕಿಂಗಿನವಳ ಕೈ ಬಂತು, ಲಾರಿಯವನದೂ ಬಂತು. ವರ್ಷವರ್ಷವೂ ಆ ತಲೆಗೆ ಹೆದರಿ ಕೂರುತ್ತಿದ್ದವರು ಈಗ ಅದು ತಮ್ಮ ಕಡೆ ತಿರುಗಲೆಂದು ತಟ್ಟೆಯನ್ನು ಎಳೆದಾಡಿದರು. ಸಾರು ಚೆಲ್ಲಿ ಮೇಜಿನ ತುಂಬ ಹರಿಯಿತು.

ಜುವಾಂಗ್ ಎದ್ದುನಿಂತು, ಕೋಳಿಯ ತಲೆಯನ್ನು ಕೈಯಿಂದಲೇ ಮುರಿದು ತನ್ನ ಬಟ್ಟಲಿಗೆ ಹಾಕಿಕೊಂಡ.

"ಊಟ ಮಾಡಿ," ಎಂದ. "ನಾಳೆ ಎಂಟಕ್ಕೆ ಎಲ್ಲರೂ ಕೆಲಸಕ್ಕೆ ಬಂದ್ಬಿಡಿ."