ನಿನ್ನೆ ಹಾಕಿದ ದನಿ

ಹೆಂಗಸರು, ಗಂಡಸರು ತಮಗೆ ಅಂದ ಹೊಲಸು ಮಾತುಗಳನ್ನು ಕಾಲೇಜು ಓದುತ್ತಿದ್ದ ಅವಳ ಇನ್‌ಸ್ಟಾಗ್ರಾಮ್ ಪುಟಕ್ಕೆ ಬರೆದು ಕಳಿಸುತ್ತಿದ್ದರು. ಅವಳು ಅವನ್ನು ಗಡಸು ದನಿಯಲ್ಲಿ ಮಿಮಿಕ್ರಿ ಮಾಡಿ ಹಾಕುತ್ತಿದ್ದಳು. ಯಾರ ಹೆಸರೂ ಇಲ್ಲ, ಊರೂ ಇಲ್ಲ. ಕೆಳಗೆ ಮಾತ್ರ ‘ನನಗೂ ಹೀಗೇ ಅಂದಿದ್ದ’ ಎಂದು ಬರೆದವರ ಸಾಲೇ ಸಾಲು.

ಆ ಪುಟ ಶುರುವಾದಮೇಲೆ ಕಾಲೇಜಿನ ಹುಡುಗಿಯರು ವಿಭಾಗದ ಮುಖ್ಯಸ್ಥರ ಕೋಣೆಗೆ ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟಿದ್ದರು. ಇವತ್ತು ಅವಳಿಗೇ ಕರೆ ಬಂತು. ಜೊತೆಗೆ ಬಂದ ಗೆಳತಿಯರು ಹೊರಗೆ, ತೆರೆದ ಕಿಟಕಿಯ ಕೆಳಗೆ ನಿಂತರು.

ಮುಖ್ಯಸ್ಥರು ಬಾಗಿಲು ಹಾಕಿದರು.

“ಫೋನ್ ಆಫ್ ಮಾಡಿ ಟೇಬಲ್ ಮೇಲಿಡಮ್ಮ.”

ಇಟ್ಟಳು.

“ಭಾರೀ ಕಲಾವಿದೆ ನೀನು! ನಿನ್ನೆ ಹಾಕಿದ್ಯಲ್ಲ, ‘ನಿನ್ನ ಭವಿಷ್ಯ ನನ್ನ ಪೆನ್ನಿನ ತುದೀಲಿದೆ, ಸಂಜೆ ಒಬ್ಬಳೇ ಬಾ’ ಅಂತ. ಅದನ್ನ ಯಾರು ಕಳಿಸಿದ್ದು?”

“ಹೆಸರು ಹೇಳಲ್ಲ ಸರ್.”

“ಇಂಟರ್ನಲ್ ಮಾರ್ಕ್ಸ್ ನನ್ನ ಕೈಲಿದೆ. ಡಿಗ್ರಿ ಬೇಕೋ, ಬೇಡ್ವೋ?”

“ಬೇಕು ಸರ್.”

“ಹಾಗಾದ್ರೆ ಬೊಗಳು. ನಾನು ಆ ಮಾತು ಅಂದಾಗ ಈ ರೂಮಲ್ಲಿ ಇದ್ದಿದ್ದು ಅವಳೊಬ್ಬಳೇ. ಫೈನಲ್ ಇಯರ್ ಹುಡುಗಿ. ಅವಳೇ ತಾನೇ?”

ಕಿಟಕಿಯಾಚೆ ಪಿಸುಮಾತು ನಿಂತಿತು. ಅವಳು ಗಂಟಲು ಸರಿಮಾಡಿಕೊಂಡಳು.

“ಅದು ಬೇರೆ ಊರಿನ ನರ್ಸ್ ಒಬ್ರು ಅವರ ಡಾಕ್ಟರ ಬಗ್ಗೆ ಕಳಿಸಿದ್ದು ಸರ್. ನಮ್ಮ ಕಾಲೇಜಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ, ಮೊದಲು ಬಿಟ್ಟೋರು ನೀವೇ.”